ದೊಡ್ಡಮ್ಮ ಅನ್ನಬೇಕು

ಕಿಟಕಿಯ ಸಂದಿಗಳಿಗೆ ಹಳೆ ಬಟ್ಟೆಯ ಚಿಂದಿ ತುರುಕುತ್ತಿದ್ದ ಅಕ್ಕ, ಪತ್ರವನ್ನು ಇನ್ನೊಂದು ಸಲ ಓದುವಂತೆ ಬಡಗಿ ಕೆಲಸದ ಗಂಡನಿಗೆ ಹೇಳಿದಳು. ಬಡಗಿ ಮತ್ತೆ ಓದಿದ. ತಂಗಿಗೆ ಪೂರ್ತಿ ವಾಸಿಯಾಗಿದೆ ಎಂದು ಡಾಕ್ಟರು ಹೇಳಿದ್ದರು. ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು, ಪಕ್ಕದಲ್ಲೇ ಒಂದು ಕೋಣೆ, ಎದುರಿಗೇ ಶಾಲೆ. ಚಳಿಗಾಲದ ರಜೆ ಶುರುವಾಗುವ ಶನಿವಾರ ಬಂದು, ಮಾರನೆಯ ದಿನವೇ ಮಗಳನ್ನು ಕರೆದುಕೊಂಡು ಹೋಗುತ್ತಾಳಂತೆ.

"ಒಳ್ಳೇದಾಯ್ತು," ಎಂದಳು ಅಕ್ಕ. ಚಿಂದಿಯನ್ನು ಬೆರಳು ನೋಯುವಷ್ಟು ಒತ್ತಿ ಒತ್ತಿ ತುರುಕಿದಳು.

ಆ ಮಗಳು ಪುಟ್ಟಿ ಹನ್ನೊಂದು ತಿಂಗಳ ಕೂಸಾಗಿದ್ದಾಗ ತಂಗಿಗೆ ಎದೆಯ ಅಂಟುಕಾಯಿಲೆ ಬಂದಿತ್ತು. ಅವಳ ಗಂಡ ಅದಕ್ಕೆ ಮೊದಲೇ ತೀರಿಕೊಂಡಿದ್ದ. ಮಕ್ಕಳಿಲ್ಲದ ಅಕ್ಕ ಆಸ್ಪತ್ರೆಯ ಬಾಗಿಲಲ್ಲೇ ಕೂಸನ್ನು ಎತ್ತಿಕೊಂಡು, ನೀನು ಹುಷಾರಾಗಿ ಬಾ, ಅಲ್ಲೀತನಕ ನನ್ನ ಹತ್ತಿರ ಇರಲಿ ಎಂದಿದ್ದಳು. ಕಾಯಿಲೆ ಎರಡು ಸಲ ವಾಸಿಯಾಗಿ ಎರಡು ಸಲ ಮರುಕಳಿಸಿತು. ಅಲ್ಲೀತನಕ ಎಂದದ್ದು ಆರು ವರ್ಷವಾಯಿತು. ವರ್ಷಕ್ಕೊಮ್ಮೆ ಆಸ್ಪತ್ರೆಗೆ ಹೋದಾಗ ಪುಟ್ಟಿ ಗಾಜಿನ ಆಚೆಯಿಂದ ಕೈಬೀಸುತ್ತಿದ್ದಳು. ಅವಳಿಗೆ ತಂಗಿ 'ಗಾಜಿನ ಅಮ್ಮ'. ಅಕ್ಕ ಬರೀ ಅಮ್ಮ.

ಆ ವಾರವೆಲ್ಲ ಕೈತುಂಬ ಕೆಲಸ. ಆಡಿನ ಕೊಟ್ಟಿಗೆಗೆ ಒಣಹುಲ್ಲು ಹಾಸಬೇಕು, ಕೊಳವೆಯಲ್ಲಿ ನೀರು ಹೆಪ್ಪುಗಟ್ಟದಂತೆ ಗೋಣಿ ಸುತ್ತಬೇಕು, ರಜಾಯಿಗಳನ್ನು ಬಿಸಿಲಿಗೆ ಹಾಕಬೇಕು. ಬಡಗಿ ಕೊಡಲಿ ಹಿಡಿದು ಹಿತ್ತಲಿಗೆ ಹೋದವನು ಸೂರು ಮುಟ್ಟುವಷ್ಟು ಸೌದೆ ಒಟ್ಟಿದ. ಇಬ್ಬರಿಗೆ ಇಷ್ಟೆಲ್ಲ ಯಾಕೆಂದು ಕೇಳಬೇಕೆಂದುಕೊಂಡ ಅಕ್ಕ ರಜಾಯಿ ಕೊಡವತೊಡಗಿದಳು.

ಗುರುವಾರ ಅಕ್ಕನೂ ಪುಟ್ಟಿಯೂ ಆಲೂಗಡ್ಡೆ ಆರಿಸಲು ಕೂತರು. ಗಟ್ಟಿಯಾದವು ಚಳಿಗಾಲಕ್ಕೆ ಕಾದಿಡುವ ಗುಂಡಿಗೆ, ಗಾಯವಾದವು ಅಡುಗೆಗೆ. ಅರ್ಧ ರಾಶಿ ಮುಗಿದ ಮೇಲೆ ಅಕ್ಕ ತಲೆ ಎತ್ತದೆ ಹೇಳಿದಳು.

"ಪುಟ್ಟಿ, ಇನ್ನು ಮೇಲೆ ನನ್ನ ದೊಡ್ಡಮ್ಮ ಅನ್ನಬೇಕು."

"ಯಾಕೆ? ದಪ್ಪ ಆಗಿದೀಯಾ?"

ಅಕ್ಕನಿಗೆ ನಗು ಬಂತು. ನಗುತ್ತಲೇ ಎಲ್ಲ ಬಿಡಿಸಿ ಹೇಳಿದಳು. ಗಾಜಿನ ಅಮ್ಮನೇ ನಿನ್ನ ಹೆತ್ತಮ್ಮ, ನಾನು ಅವಳ ಅಕ್ಕ, ಭಾನುವಾರ ನೀನು ಅವಳ ಜೊತೆ ಹೋಗುತ್ತೀಯ. ಪುಟ್ಟಿ ಆಲೂಗಡ್ಡೆಯ ಮಣ್ಣನ್ನು ಉಗುರಿನಿಂದ ಕೆರೆಯುತ್ತಾ ಕೂತಳು. ಅಳಲಿಲ್ಲ. ತಪ್ಪಿ ಅಮ್ಮ ಎಂದರೆ ಏನು ಶಿಕ್ಷೆ ಎಂದು ಕೇಳಿದಳು. ತಪ್ಪಿಗೊಂದು ಆಲೂಗಡ್ಡೆ ಬಕೆಟ್ಟಿಗೆ ಹಾಕೋಣ ಎಂದಳು ಅಕ್ಕ. ಸಂಜೆಯ ಹೊತ್ತಿಗೆ ಬಕೆಟ್ಟು ತುಂಬಿತ್ತು. ಶುಕ್ರವಾರ ತಳದಲ್ಲಿ ನಾಲ್ಕೇ ನಾಲ್ಕು ಬಿದ್ದಿದ್ದವು.

ಶನಿವಾರ ಬಂದ ತಂಗಿ ಗಾಜಿನ ಹಿಂದೆ ಕಾಣುತ್ತಿದ್ದುದಕ್ಕಿಂತ ಕುಳ್ಳಗಿದ್ದಳು. ಮಗಳಿಗೆಂದು ಉಣ್ಣೆಯ ಕೋಟು ತಂದಿದ್ದಳು. ತೊಡಿಸಿದರೆ ತೋಳು ಮೊಣಕೈ ದಾಟಿ ನಾಲ್ಕು ಬೆರಳು ಮಾತ್ರ ಬಂತು. ತಂಗಿಯ ಮುಖ ಸಪ್ಪೆಯಾಯಿತು.

"ನನ್ನ ಕಣ್ಣಲ್ಲಿ ಇನ್ನೂ ಇಷ್ಟೇ ಇದ್ದಾಳೆ ಅಕ್ಕ," ಎಂದಳು.

ತೋಳಿನ ಒಳಗೆ ಮಡಿಸಿದ ಬಟ್ಟೆ ಬೇಕಾದಷ್ಟಿದೆ, ಬಿಚ್ಚಿ ಇಳಿಸಿದರಾಯಿತು ಎಂದು ಅಕ್ಕ ಸೂಜಿದಾರ ತೆಗೆದುಕೊಂಡಳು. ಹೊಲಿಯುತ್ತಾ ಒಂದೊಂದಾಗಿ ಹೇಳುತ್ತಾ ಹೋದಳು: ನಿದ್ದೆಯಲ್ಲಿ ಹೊದಿಕೆ ಒದೆಯುತ್ತಾಳೆ, ತಣ್ಣನೆ ಗಾಳಿಗೆ ಎಡಗಿವಿ ನೋಯುತ್ತದೆ, ಹಾಲಿನಲ್ಲಿ ಕೆನೆ ಕಂಡರೆ ಮುಟ್ಟುವುದಿಲ್ಲ. ತಂಗಿ ಪಾಠ ಒಪ್ಪಿಸುವವಳಂತೆ ತುಟಿಯಲ್ಲೇ ಹೇಳಿಕೊಂಡಳು. ಆಮೇಲೆ ಇದ್ದಕ್ಕಿದ್ದಂತೆ ಅಕ್ಕನ ಮೊಣಕಾಲು ಹಿಡಿದಳು.

"ನೀನು ಬೇಡ ಅಂದ್ರೆ ಬಿಟ್ಟು ಹೋಗ್ತೀನಿ. ಇಷ್ಟು ದಿನ ಸಾಕಿದೋಳು ನೀನು. ಒಂದು ಮಾತು ಹೇಳು ಸಾಕು."

ಬಾಗಿಲ ಬಳಿ ಉಳಿ ಮಸೆಯುತ್ತಿದ್ದ ಬಡಗಿಯ ಕೈ ನಿಂತಿತು. ಅಕ್ಕ ಅವನ ಕಡೆ ನೋಡಲಿಲ್ಲ. ಗಂಟು ಹಾಕಿ, ದಾರವನ್ನು ಹಲ್ಲಿನಿಂದ ಕಡಿದಳು.

"ಹುಚ್ಚಿ. ನೀನು ಯಾರಿಗೋಸ್ಕರ ಬದುಕಿ ಬಂದೆ ಅಂತ ನಂಗೊತ್ತಿಲ್ವಾ?" ಎಂದು ಕೋಟನ್ನು ಕೊಡವಿ ಅವಳ ಮಡಿಲಿಗಿಟ್ಟಳು.

ಭಾನುವಾರ ಬೆಳಿಗ್ಗೆ ಬಸ್ಸು ಹೊತ್ತಿಗೆ ಸರಿಯಾಗಿ ಬಂತು. ಪುಟ್ಟಿ ಮೆಟ್ಟಿಲು ಹತ್ತಿ, ತಿರುಗಿ ನಿಂತು, ಒಂದು ಕ್ಷಣ ಯೋಚಿಸಿದಳು.

"ಹೋಗಿ ಬರ್ತೀನಿ ದೊಡ್ಡಮ್ಮ," ಎಂದಳು. ಎಲ್ಲೂ ತಡವರಿಸಲಿಲ್ಲ. ಸರಿಯಾಗಿ ಹೇಳಿದೆನಲ್ಲ ಎಂಬಂತೆ ಅಕ್ಕನ ಮುಖ ನೋಡಿದಳು. ಅಕ್ಕ ತಲೆಯಾಡಿಸಿದಳು.

ಮನೆಗೆ ಬಂದವರು ಒಲೆ ಹಚ್ಚಲಿಲ್ಲ. ಮಾಡಿನ ಎರಡು ಹೆಂಚು ಸಡಿಲವಾಗಿದ್ದವು, ಮೋಡವೂ ಕಟ್ಟುತ್ತಿತ್ತು. ಬಡಗಿ ಏಣಿ ಆನಿಸಿ ಮೇಲೆ ಹತ್ತಿದ. ಅಕ್ಕ ಕೆಳಗೆ ನಿಂತು ಏಣಿ ಹಿಡಿದುಕೊಂಡಳು. ಹೆಂಚು ಕೂರಿಸುವ ಸದ್ದು ಸ್ವಲ್ಪ ಹೊತ್ತು ಕೇಳಿಸಿ ನಿಂತಿತು. ಬಡಗಿ ಇಳಿದು ಬಂದು, ಕೈ ಒರೆಸಿಕೊಂಡು, ಅವಳ ಪಕ್ಕದಲ್ಲಿ ನಿಂತ. ಅಕ್ಕ ಎರಡೂ ಕೈಯಲ್ಲಿ ಏಣಿಯನ್ನು ಹಾಗೇ ಬಿಗಿಯಾಗಿ ಹಿಡಿದುಕೊಂಡೇ ಇದ್ದಳು.