ಕವಲುಹಳಿಯ ಮೇಲೆ ನಿಂತ ಎಂಜಿನ್

ಪಾರ್ಶ್ವವಾಯು ಹೊಡೆದ ಮೇಲೆ ದರ್ಜಿಯ ಹೆಂಡತಿಯ ಬಾಯಲ್ಲಿ ಉಳಿದದ್ದು ಒಂದೇ ಮಾತು, 'ಬೇಡ'. ಹಸಿವಾದರೂ ಬೇಡ, ಹೊಟ್ಟೆ ತುಂಬಿದರೂ ಬೇಡ, ಕಿಟಕಿ ತೆರೆಯಬೇಕಿದ್ದರೂ ಬೇಡ. ತಲೆಯೊಳಗೆ ಮಾತೆಲ್ಲ ಹಾಗೇ ಇದೆ, ನಾಲಿಗೆಗೆ ಬರುವ ದಾರಿ ಮುಚ್ಚಿಹೋಗಿದೆ ಎಂದು ಡಾಕ್ಟರು ವಿವರಿಸಿದ್ದರು. ಊರಿನ ಅರ್ಧ ಮಕ್ಕಳಿಗೆ ಭೂಗೋಳ ಕಲಿಸಿದವಳು ಅವಳು. ವಾದಕ್ಕೆ ನಿಂತಳೆಂದರೆ ಗಂಡ ಟೇಪನ್ನು ಕೊರಳಿಗೆ ಹಾಕಿಕೊಂಡು, ಯಾರೋ ಕರೆದರು ಎಂದು ಸುಳ್ಳು ಹೇಳಿ ಅಂಗಡಿಗೆ ಜಾರಿಕೊಳ್ಳುತ್ತಿದ್ದ.

ಮುಂದಿನ ಕೋಣೆ ಅವನ ಅಂಗಡಿ, ಹಿಂದಿನದು ಅವಳ ರೈಲಿನ ಕೋಣೆ. ಬಾಗಿಲಿನಿಂದ ಕಿಟಕಿಯವರೆಗೆ ಹಲಗೆ ಹಾಸಿ, ವರ್ಷಗಟ್ಟಲೆ ಕೂತು ಅವಳು ಅಲ್ಲೊಂದು ಪುಟ್ಟ ರೈಲುಮಾರ್ಗ ಕಟ್ಟಿದ್ದಳು. ಬೆರಳುದ್ದದ ಎಂಜಿನ್ನುಗಳು, ಸಾಬೂನಿನ ಪೆಟ್ಟಿಗೆಯಷ್ಟು ದೊಡ್ಡ ನಿಲ್ದಾಣ, ಬೆಂಕಿಕಡ್ಡಿಯ ಬೇಲಿ. ದರ್ಜಿ ಅವಳನ್ನು 'ಸ್ಟೇಷನ್ ಮಾಸ್ಟರೇ' ಎಂದು ರೇಗಿಸುತ್ತಿದ್ದನೇ ಹೊರತು ಆ ವಿಷಯಕ್ಕೆ ತಲೆ ಹಾಕಿದವನಲ್ಲ.

ಈಗ ಅವಳು ಕಣ್ಣಿಟ್ಟು ನೋಡುತ್ತಿದ್ದದ್ದು ಆ ರೈಲೊಂದನ್ನೇ. ಗಾಲಿಕುರ್ಚಿಯನ್ನು ಹಲಗೆಯ ಪಕ್ಕಕ್ಕೆ ತಳ್ಳಿಕೊಟ್ಟರೆ, ಸ್ವಾಧೀನವಿದ್ದ ಎಡಗೈಯಿಂದ ಗುಂಡಿ ತಿರುಗಿಸಿ ಎಂಜಿನ್ ಓಡಿಸುತ್ತಿದ್ದಳು. ಆದರೆ ಒಂದು ಹಳಿ ಎರಡಾಗಿ ಕವಲೊಡೆಯುವ ಜಾಗದಲ್ಲಿ ಅಂಗೈಗಿಂತ ಚಿಕ್ಕದೊಂದು ಪ್ಲಾಸ್ಟಿಕ್ ತುಂಡಿತ್ತು. ಎಂಜಿನ್ನಿಗೆ ಕರೆಂಟು ಬರುವುದು ಹಳಿಯಿಂದ, ಆ ತುಂಡಿನಲ್ಲಿ ಅದು ಹರಿಯುವುದಿಲ್ಲ. ನಿಧಾನವಾಗಿ ಬಂದ ಎಂಜಿನ್ ಅಲ್ಲಿ ಗಕ್ಕನೆ ನಿಂತುಬಿಡುತ್ತಿತ್ತು. ಮೊದಲಾದರೆ ಎದ್ದು ಹೋಗಿ ಬೆರಳಿನಿಂದ ಒಂಚೂರು ನೂಕುತ್ತಿದ್ದಳು. ಈಗ ಎಂಜಿನ್ ನಿಂತರೆ ಎಡಗೈಯಿಂದ ತೊಡೆ ಬಡಿದುಕೊಂಡು, ಬೇಡ ಬೇಡ ಎಂದು ಅಳುತ್ತಿದ್ದಳು. ದರ್ಜಿ ಅರ್ಧ ಹೊಲಿದ ಅಂಗಿಯ ತೋಳನ್ನು ಯಂತ್ರದಲ್ಲೇ ಬಿಟ್ಟು ಓಡಿಬರಬೇಕು. ನೂಕಿ ಹಿಂದಿರುಗಿದರೆ ಮತ್ತೆ ಅದೇ ಅಳು. ಗಿರಾಕಿಗಳು ಕಾದು ಕಾದು ಬೇರೆ ಅಂಗಡಿ ಹುಡುಕಿಕೊಂಡರು.

ಹೀಗಿರುವಾಗ ದರ್ಜಿಯ ನಾದಿನಿ ತನ್ನ ಅಕ್ಕನನ್ನು ನೋಡಲು ಬಂದಳು. ಅಕ್ಕ ಒದ್ದೆ ಬಟ್ಟೆಯಲ್ಲೇ ಕೂತು ಬಿಕ್ಕುತ್ತಿದ್ದಳು. ಭಾವ ಅಂಗಡಿಯಲ್ಲಿ ಯಾರದೋ ಕಾಲರು ಬಿಚ್ಚುತ್ತ ಅವರ ಬೈಗುಳ ಕೇಳುತ್ತಿದ್ದ. ನಾದಿನಿ ಜಗಳವಾಡಲಿಲ್ಲ. ಅಕ್ಕನ ಬಟ್ಟೆ ಬದಲಿಸಿ, ತಲೆ ಬಾಚಿ, ಭಾವನ ಎದುರು ಬಂದು ಕೂತಳು.

"ಭಾವ, ನೀವು ಕೈಲಾದಷ್ಟು ಮಾಡಿದ್ದೀರಿ, ಇಲ್ಲ ಅನ್ನಲ್ಲ. ಆದ್ರೆ ಅಕ್ಕ ಇಲ್ಲಿ ಕರಗಿ ಹೋಗ್ತಿದ್ದಾಳೆ. ನಮ್ಮೂರಲ್ಲಿ ಇಂಥವರನ್ನ ನೋಡ್ಕೊಳ್ಳೋ ಮನೆ ಇದೆ. ಮುಂದಿನ ವಾರ ಕಾರು ತರ್ತೀನಿ."

ಅಲ್ಲಿ ರೈಲು ಹಲಗೆಗೆ ಜಾಗವಿದೆಯೇ ಎಂದು ದರ್ಜಿ ಕೇಳಿದ. ನಾದಿನಿ ಅವನ ಮುಖವನ್ನೇ ನೋಡಿದಳು. ಒಬ್ಬರಿಗೊಂದು ಮಂಚ, ಒಂದು ಕಪಾಟು, ಅಷ್ಟೇ ಎಂದಳು.

ಅವಳು ಹೋದ ಮೇಲೆ ದರ್ಜಿಗೆ ದಿಕ್ಕೇ ತೋಚಲಿಲ್ಲ. ಕಾಯಿಲೆಗೆ ಮುಂಚೆ ಒಂದು ದಿನ ಊಟದ ಹೊತ್ತಿಗೆ ಹೆಂಡತಿ ಏನೋ ಹೇಳಿದ್ದು ಅರೆಬರೆ ನೆನಪಾಯಿತು. ಎಂಜಿನ್ನಿನೊಳಗೆ ಒಂದು ಕೆಪಾಸಿಟರ್ ಕೂರಿಸಬೇಕು, ಅದು ಮನೆ ಮೇಲಿನ ನೀರಿನ ಟ್ಯಾಂಕಿನ ಹಾಗೆ, ನಲ್ಲಿ ನಿಂತರೂ ಒಂದಿಷ್ಟು ಹೊತ್ತು ನೀರು ಬರುತ್ತದಲ್ಲ, ಹಾಗೆ ಕರೆಂಟು ತಪ್ಪಿದ ಕಡೆ ಗಾಡಿ ನಿಲ್ಲದೆ ದಾಟುತ್ತದೆ ಎಂದಿದ್ದಳು. ಅವನು ಹೂಂಗುಟ್ಟಿ ಸಾರು ಬಡಿಸಿಕೊಂಡಿದ್ದ. ಅವಳು ತಂದಿಟ್ಟಿದ್ದ ಕೆಪಾಸಿಟರುಗಳು ಡಬ್ಬಿಯಲ್ಲೇ ಇದ್ದವು. ರೇಡಿಯೋ ರಿಪೇರಿಯವನ ಬಳಿಗೆ ಹೋದರೆ, ಅಷ್ಟು ಸಣ್ಣ ಕೆಲಸಕ್ಕೆ ನನ್ನ ಕಣ್ಣು ಸಾಲದು ಎಂದು ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ನೊಂದನ್ನು ಕೊಟ್ಟು ಕಳಿಸಿದ.

ಅವಳಿಗೆ ಪ್ರಾಣವಾಗಿದ್ದ ಕರಿ ಎಂಜಿನ್ನನ್ನು ಅವನು ಹೊಲಿಗೆ ಮೇಜಿನ ಮೇಲೆ ಬಿಚ್ಚಿದ. ಅವಳನ್ನು ಪಕ್ಕದಲ್ಲೇ ಕೂರಿಸಿಕೊಂಡಿದ್ದ. ಕೆಪಾಸಿಟರಿಗೆ ಎರಡು ತಂತಿಕಾಲು, ಮೈಯ ಒಂದು ಬದಿಗೆ ಬೂದುಬಣ್ಣದ ಪಟ್ಟಿ, ಯಾವ ಕಾಲು ಎತ್ತ ಹೋಗಬೇಕು ಎನ್ನುವುದಕ್ಕೆ ಅದೇ ಗುರುತು. ಪಟ್ಟಿ ಈ ಕಡೆ ಬರಬೇಕೇ ಎಂದು ಕೇಳಿದರೆ ಬೇಡ ಎಂದಳು. ಆ ಕಡೆಯೇ ಎಂದರೂ ಬೇಡ. ಕೊನೆಗೆ ಅವನೇ ಒಂದು ಅಂದಾಜು ಮಾಡಿ ಬೆಸುಗೆ ಹಾಕತೊಡಗಿದಾಗ ಅವಳು ಕುರ್ಚಿಯ ಕೈ ಬಡಿಯುತ್ತ, ಬೇಡ ಬೇಡ ಎಂದು ಕೂಗಿದಳು.

"ಸ್ವಲ್ಪ ಸುಮ್ನಿರು, ಕೈ ತಪ್ಪುತ್ತೆ," ಅಂದ ಅವನು.

ಹಳಿಯ ಮೇಲಿಟ್ಟು ಕರೆಂಟು ಕೊಟ್ಟದ್ದೇ ತಡ, ಎಂಜಿನ್ನಿನ ಹೊಟ್ಟೆಯೊಳಗೆ ಸುಯ್ ಎಂದು ಸದ್ದಾಯಿತು. ಕೆಪಾಸಿಟರ್ ಉಬ್ಬಿ ಫಟ್ಟನೆ ಒಡೆಯಿತು. ಕೆಟ್ಟ ವಾಸನೆಯ ಹೊಗೆ ಕೋಣೆ ತುಂಬಿತು. ತಂತಿಕಾಲು ಅದಲುಬದಲಾಗಿದ್ದರಿಂದ ಬೆರಳುಗುರಿನಷ್ಟಿದ್ದ ಸರ್ಕ್ಯೂಟ್ ಬೋರ್ಡೂ ಸುಟ್ಟು ಕರಕಲಾಗಿತ್ತು.

ಅವಳು ಅಳಲಿಲ್ಲ. ಗೋಡೆಯ ಕಡೆ ಮುಖ ತಿರುಗಿಸಿದಳು. ಚಮಚ ಹತ್ತಿರ ತಂದರೆ ತುಟಿ ಬಿಗಿಹಿಡಿದಳು, ಆ ಒಂದು ಮಾತನ್ನೂ ಆಡಲಿಲ್ಲ. ಮರುದಿನವೂ ಹಾಗೆಯೇ. ದರ್ಜಿ ಅಂಗಡಿಯ ಬಾಗಿಲು ಎಳೆದುಕೊಂಡು ಬಟ್ಟೆ ರಾಶಿಯಲ್ಲಿ ಮುಖ ಹುದುಗಿಸಿ ಕೂತ. ಉಳಿದದ್ದೊಂದು ಮಾತು, ಅದನ್ನೂ ತಾನೇ ಕೈಯಾರೆ ಕಿತ್ತುಕೊಂಡೆ ಎನಿಸಿತು. ನಾದಿನಿ ಹೇಳಿದ್ದೇ ಸರಿಯೇನೋ. ಅವನು ಹೆಂಡತಿಯ ಬಟ್ಟೆಗಳನ್ನು ಮಡಚಿ ಚೀಲಕ್ಕೆ ತುಂಬಲು ಶುರುಮಾಡಿದ. ಅವಳ ಒಂದು ರವಿಕೆಯ ಗುಂಡಿ ಸಡಿಲವಾಗಿತ್ತು. ಹೊಲಿಯಲು ಸೂಜಿ ಹಿಡಿದರೆ ದಾರ ಪೋಣಿಸಲಾಗಲಿಲ್ಲ, ಕಣ್ಣು ಅಷ್ಟು ಮಂಜಾಗಿತ್ತು.

ನಾದಿನಿ ಬರುವ ದಿನ ಬೆಳಿಗ್ಗೆ ಅವನು ಹೆಂಡತಿಯ ಎದುರು ಮಂಡಿಯೂರಿ ಕೂತ.

"ನೀನು ಹೇಳಿದ್ದೆ. ನಾನೇ ಕೇಳಿಸ್ಕೊಳ್ಳಲಿಲ್ಲ. ಇನ್ಮೇಲೆ ಪ್ರಶ್ನೆನೇ ಹಾಕಲ್ಲ, ನೀನೇ ಮಾಡು."

ಹೊಲಿಸಲು ಬಂದವರಿಗೆ ತಮಗೆ ಬೇಕಾದದ್ದನ್ನು ಹೇಳಲು ಬಾರದಿದ್ದರೆ ಅವನು ಬಟ್ಟೆಯನ್ನೇ ಅವರ ಕೈಗೆ ಕೊಟ್ಟು ಮಡಿಸಿ ತೋರಿಸಿ ಎನ್ನುತ್ತಿದ್ದ. ಹಾಗೆಯೇ ಈಗ ಹೊಸ ಕೆಪಾಸಿಟರನ್ನು ಅವಳ ಎಡಗೈಯಲ್ಲಿಟ್ಟು, ಚಿಕ್ಕದೊಂದು ಹಸಿರು ಎಂಜಿನ್ನನ್ನು ಬಿಚ್ಚಿ ಮಡಿಲಿಗಿಟ್ಟ. ಅವಳ ಬೆರಳುಗಳು ನಿಧಾನವಾಗಿ ಸರಿದಾಡಿದವು. ಕೆಪಾಸಿಟರ್ ಜಾರಿ ಬಿತ್ತು, ಅವನು ಎತ್ತಿಕೊಟ್ಟ, ಮತ್ತೆ ಬಿತ್ತು. ಕೊನೆಗೆ ಅವಳು ಪಟ್ಟಿಯ ಬದಿಯನ್ನು ಕಿಟಕಿಯ ಕಡೆಗೆ ತಿರುಗಿಸಿ ಬೋರ್ಡಿಗೆ ಒತ್ತಿ ಹಿಡಿದಳು. ಅವನು ಆ ಜಾಗಕ್ಕೆ ಹೊಲಿಗೆಯ ಸೀಮೆಸುಣ್ಣದಿಂದ ಗುರುತು ಹಾಕಿದ.

ಅವಳು ಹಿಡಿದಳು, ಅವನು ಬೆಸೆದ. ಇಬ್ಬರ ತಲೆಯ ನೆರಳೂ ಬೋರ್ಡಿನ ಮೇಲೆ ಬಿದ್ದು ಬೆಸುಗೆ ಕೂರಲಿಲ್ಲ. ಅಷ್ಟರಲ್ಲಿ ನಾದಿನಿ ಬಂದಳು. ಬಾಗಿಲಲ್ಲಿದ್ದ ಚೀಲ ನೋಡಿದಳು, ಒಳಗೆ ತಲೆಗೆ ತಲೆ ತಾಗಿಸಿಕೊಂಡಿದ್ದ ಇಬ್ಬರನ್ನೂ ನೋಡಿದಳು.

"ಟಾರ್ಚು ಹಿಡೀತೀಯೇನಮ್ಮ?" ಎಂದ ದರ್ಜಿ, ತಲೆ ಎತ್ತದೆ.

ನಾದಿನಿ ಹಿಡಿದಳು. ಬೆಸುಗೆ ಕೂತಿತು. ದರ್ಜಿಯ ಹೆಬ್ಬೆರಳು ಸುಟ್ಟು ಬೊಬ್ಬೆ ಎದ್ದಿತು.

ಹಳಿಯ ಮೇಲಿಟ್ಟಾಗ ಅವನಿಗೆ ನೋಡುವ ಧೈರ್ಯ ಸಾಲಲಿಲ್ಲ. ಗುಂಡಿ ತಿರುಗಿಸಿದವಳು ಹೆಂಡತಿಯೇ. ಹಸಿರು ಎಂಜಿನ್ ಇರುವೆಯ ಹಾಗೆ ಹರಿದು ಬಂತು. ಕವಲಿನ ಮೇಲೆ ಬಂದಾಗ ನಾದಿನಿ ಟಾರ್ಚನ್ನು ಅದರತ್ತ ತಿರುಗಿಸಿದಳು. ಎಂಜಿನ್ ನಿಲ್ಲಲಿಲ್ಲ. ಅದೇ ನಡಿಗೆಯಲ್ಲಿ ದಾಟಿ ನಿಲ್ದಾಣದತ್ತ ಹೋಯಿತು. ಹೆಂಡತಿ ಮತ್ತೊಂದು ಸುತ್ತು ಓಡಿಸಿದಳು, ಆಮೇಲೆ ಮತ್ತೊಂದು. ಗಂಡ ಚಮಚ ಹಿಡಿದು ಬಂದಾಗ ರೈಲಿನಿಂದ ಕಣ್ಣು ತೆಗೆಯದೆ ಬಾಯಿ ತೆರೆದಳು.

ನಾದಿನಿ ಕಾರನ್ನು ಖಾಲಿಯೇ ಒಯ್ದಳು. ಇದು ಎಷ್ಟು ದಿನವೋ, ಮತ್ತೆ ಬಂದು ನೋಡುತ್ತೇನೆ ಎಂದು ಹೇಳಿಯೇ ಹೋದಳು. ಅವಳ ಅನುಮಾನ ಸುಳ್ಳಾಗಿರಲಿಲ್ಲ. ಅಕ್ಕನಿಗೆ ಮಾತು ತಿರುಗಿ ಬರಲಿಲ್ಲ, ಬಲಗೈ ಏಳಲಿಲ್ಲ, ಕೆಲವು ದಿನ ಕಾರಣವಿಲ್ಲದೆ ಅಳು ಸಂಜೆಯವರೆಗೂ ನಡೆಯುತ್ತಿತ್ತು.

ದರ್ಜಿ ಹೊಲಿಗೆ ಯಂತ್ರವನ್ನು ಹಿಂದಿನ ಕೋಣೆಗೆ ಎಳೆದು ತಂದ. ಬಂದ ಒಬ್ಬಿಬ್ಬರು ಗಿರಾಕಿಗಳು ಅಳತೆ ಕೊಡಲು ರೈಲು ಹಲಗೆಯ ಪಕ್ಕದಲ್ಲೇ ನಿಲ್ಲಬೇಕಾಯಿತು. ಗಾಡಿ ಬರುವಾಗ ಹೆಂಡತಿ ಸಿಗ್ನಲ್ಲಿನ ಹಾಗೆ ಎಡಗೈ ಎತ್ತಿದರೆ, ಅವರು ಚಾಚಿದ ತೋಳನ್ನು ಇಳಿಸಿ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು.