ಬೋನಿನಲ್ಲಿ ಕೆಂಪು

ಆ ಬಾಲ, ಹಿಂದಿನಿಂದ ಬಿಸಿಲು ಬಿದ್ದು ಹತ್ತಿಕೊಂಡು ಉರಿದ ಹಾಗೆ, ಕೆಂಪು, ಅಪ್ಪಟ ಕೆಂಪು — ಸೂಪಿಗೆ ಆಲೂಗಡ್ಡೆ ಸುಲಿಯಲು ಕೂತರೆ ಸಿಪ್ಪೆಯ ಜೊತೆ ಅರ್ಧ ಗಡ್ಡೆಯೇ ಹೋಗುತ್ತಿದೆ, ಹೋಗಲಿ, ಇವತ್ತು ಹೋಗಲಿ, ಈ ಕಾಡಿನಲ್ಲಿ ಕೆಂಪು ಅಳಿಲು ಕಂಡು ಎರಡು ವರ್ಷವಾಯಿತು, ಎಂದಿನಂತೆ ಬೋನಿಗೆ ಬೂದು ಅಳಿಲೇ ಬಿದ್ದಿರುತ್ತದೆ, ವಿಲ್ಫ್ ಗೋಣಿಚೀಲ ತಂದು ಅದರ ಕಥೆ ಮುಗಿಸುತ್ತಾರೆ, ನಾನು ಮುಖ ತಿರುಗಿಸಿ ನಿಲ್ಲುತ್ತೇನೆ ಅಂದುಕೊಂಡೇ ಬೆಳಿಗ್ಗೆ ಹೋದದ್ದು, ಜರೀಗಿಡ ಸರಿಸಿದರೆ ಕೆಂಪು! ಬಾಗಿಲ ಮೂಲೆಯ ತಂತಿ ಕಚ್ಚುತ್ತಾ ನೆಟ್ಟಗೆ ನಿಂತಿದ್ದಳು, ಬಿಳಿ ಹೊಟ್ಟೆ ನನ್ನ ಕಡೆಗೆ, ಮೊಲೆತೊಟ್ಟುಗಳ ಸುತ್ತ ಕೂದಲು ಸವೆದು ಗುಲಾಬಿ ಚರ್ಮ — ಅಯ್ಯೋ, ಮರಿಗಳಿವೆಯೇನೇ ನಿನಗೆ, ಎಷ್ಟು ಹೊತ್ತಾಯ್ತೇ ಬಿಟ್ಟುಬಂದು — ಟಿಲ್ಲಿ ಹಸುಗೂಸಾಗಿದ್ದಾಗ ಅಂಗಡಿಯಲ್ಲಿ ಯಾರದೋ ಮಗು ಅತ್ತರೂ ನನ್ನ ಅಂಗಿ ಒದ್ದೆಯಾಗುತ್ತಿತ್ತು, ಇವತ್ತೂ ಎದೆ ಹಾಗೇ ಜುಮ್ಮೆಂದಿತು, ಅವಸರದಲ್ಲಿ ಕೊಂಡಿ ಎಳೆದೆ, ಮೂಲೆಯಲ್ಲಿ ಏನೋ ಬೂದು ಎಳೆ ಸಿಕ್ಕಿಕೊಂಡಿತ್ತು, ಕೈಗವಸಿನ ಉಣ್ಣೆ ಇರಬೇಕು, ಬಾಗಿಲು ಎತ್ತಿದೆನೋ ಇಲ್ಲವೋ ಲಾರ್ಚ್ ಮರದ ಬೊಡ್ಡೆ, ಕೊಂಬೆ, ತುದಿ, ಅಲ್ಲಿ ಕಡ್ಡಿಗಳ ಗೂಡು, ದಿನಾ ಅದರ ಕೆಳಗೇ ಓಡಾಡಿದ್ದೇನಲ್ಲ, ಕಾಗೆಯದು ಅಂದುಕೊಂಡು, ಪೆದ್ದಿ ನಾನು!

ಫೋನಿನಲ್ಲಿ ಕೂಗಿಯೇಬಿಟ್ಟೆ, ವಿಲ್ಫ್, ಕೆಂಪು! — ಏನಮ್ಮ ಬ್ರೈಯನಿ, ಒಂದ್ ಲೋಟ ಟೀ ಕುಡಿಯೋಕೂ ಬಿಡಲ್ವಲ್ಲ ನೀನು — ಕೆಂಪು, ಹೆಣ್ಣು, ಬಾಣಂತಿ! — ಕನ್ನಡಕ ಹಾಕ್ಕೊಂಡಿದ್ಯಾ? ಬೂದುಗಳಿಗೂ ಪಕ್ಕೆ ಕೆಂಪಗಿರತ್ತೆ, ಹೋದ್ಸಲ ನರಿ ಬಾಲ ನೋಡಿ ಅಳಿಲು ಅಂದೋಳಲ್ವಾ ನೀನು — ಕಿವಿ ಮೇಲೆ ಜುಟ್ಟಿತ್ತು ವಿಲ್ಫ್, ಜುಟ್ಟು! — ಆಮೇಲೆ ಮೂಗು ಸೀಟಿದ ಸದ್ದು, ನಲವತ್ತು ವರ್ಷ ಈ ಕಾಡು ಕಾದ ಮನುಷ್ಯ, ಬೂದುಗಳು ತೊಗಟೆ ಸುಲಿದು ಒಣಗಿಸಿದ ಒಂದೊಂದು ಬೀಚ್ ಮರವನ್ನೂ ಮುಟ್ಟಿ ಮುಟ್ಟಿ ಬೈಯುವವರು, ಕೊನೆಗೆ ಮೆತ್ತಗೆ, ಹಾಗಾದ್ರೆ ಕಾಡು ಇನ್ನೂ ಸತ್ತಿಲ್ಲ ಕಣಮ್ಮ, ಅಂದರು, ನನಗೂ ಅಳು ಬಂತು, ನಗುವೂ ಬಂತು, ಫೋನ್ ಇಡುವ ಮುಂಚೆ ಇನ್ನೊಂದು ಕೇಳಿದರು, ನಿನ್ನೆ ಅದೇ ಬೋನಲ್ಲಿ ಬೂದು ಬಿದ್ದಿತ್ತಲ್ಲ, ತೊಳೆದೇ ಇಟ್ಟಿದ್ದೆ ತಾನೆ? — ಹೂಂ ತೊಳೆದಿದ್ದೆ, ಅಂದೆ, ಊಟ ಆಯ್ತಾ ಅಂದರೆ ಆಯ್ತು ಅನ್ನುವ ಹಾಗೆ.

ಅಮ್ಮಾ, ಎಷ್ಟು ಮರಿ? — ಟಿಲ್ಲಿ, ಒಳಕೋಣೆಯಿಂದ — ಗೊತ್ತಿಲ್ಲ ಬಂಗಾರ, ಮೂರಿರಬಹುದು — ಒಂದಕ್ಕೆ ಪುಡಿಂಗ್ ಅಂತ ಹೆಸರಿಡ್ತೀನಿ — ಇಡುವಂತೆ, ಈಗ ಮಲಕ್ಕೋ, ಜ್ವರ ಇನ್ನೂ ಬಿಟ್ಟಿಲ್ಲ — ಮೂರು ಮರಿ, ಕಣ್ಣು ಬಿಡದ ಮೂರು, ಈಗ ಹಾಲು ಕುಡಿಯುತ್ತಿರುತ್ತವೆ, ಬೇಸಿಗೆಗೆ ಕೊಂಬೆಯಿಂದ ಕೊಂಬೆಗೆ, ಹೊಳೆ ದಾಟಿ ಆಚೆ ಕಾಡಿಗೂ, ಟಿಲ್ಲಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ತೋರಿಸುತ್ತೇನೆ — ನಿನ್ನೆ ಮಧ್ಯಾಹ್ನ ಸ್ಕೂಲಿನಿಂದ ಫೋನ್ ಬಂದಾಗ ಎಷ್ಟು ಹೆದರಿದೆ, ಮೈ ಕೆಂಡದಂತಿದೆ ಬನ್ನಿ ಅಂದರು, ಆಗ ನಾನು ಹಿತ್ತಲಲ್ಲಿದ್ದೆ, ವಿಲ್ಫ್ ಆಗಷ್ಟೇ ಬೂದನ್ನು ಒಯ್ದಿದ್ದರು, ತೊಳೆಯಲು ಔಷಧಿ ನೀರು ಕಲಸಿದ್ದೆ, ಬೋನು ಕಾಲ ಬುಡದಲ್ಲಿ, ಫೋನ್, ಓಡಿದೆ, ಸಂಜೆ ಟಿಲ್ಲಿ ಮಲಗಿದ ಮೇಲೆ ಬೋನು ತೆಗೆದುಕೊಂಡು ಹೋಗಿ ಕಾಳು ಹಾಕಿ ಇಟ್ಟುಬಂದೆ, ನಡುವೆ ತೊಳೆದೆ, ತೊಳೆದಿರಬೇಕು, ಯಾವತ್ತೂ ತೊಳೆಯುತ್ತೇನಲ್ಲ — ಕಿಟಕಿಯಾಚೆ ಬಕೆಟ್ಟು, ಹಾಲಿನಂತೆ ಬೆಳ್ಳಗಿನ ನೀರು, ಒಂದು ಕಸವಿಲ್ಲ, ಒಂದು ಕೂದಲಿಲ್ಲ, ಮೇಲೆ ಅಡ್ಡಲಾಗಿ ಬ್ರಷ್ಷು, ಒಣಗಿದ್ದು. ವಿಲ್ಫ್ ಯಾವಾಗಲೂ ಹೇಳುವುದು, ಬೂದುಗಳಿಗೆ ಸಿಡುಬು ಏನೂ ಮಾಡಲ್ಲ ಕಣಮ್ಮ, ಸುಮ್ನೆ ಹೊತ್ಕೊಂಡ್ ತಿರುಗ್ತವೆ, ಕೆಂಪಿಗೆ ತಗುಲಿದ್ರೆ ಎರಡೇ ವಾರ — ಎರಡು ವರ್ಷದ ಹಿಂದೆ ಬೀಚ್ ಮರದ ಕೆಳಗೆ ಸಿಕ್ಕಿದ್ದ ಕೊನೆಯ ಕೆಂಪು, ರೆಪ್ಪೆಗಳು ಹಕ್ಕಳೆಗಟ್ಟಿ ಮುಚ್ಚಿ, ನಡುಗುತ್ತಾ, ನನ್ನ ಕಡೆಗೇ ಮುಖವೆತ್ತಿ — ಇಲ್ಲ, ಆ ಎಳೆ ಉಣ್ಣೆ, ಕೈಗವಸಿನ ಉಣ್ಣೆ, ಬೆಳಿಗ್ಗೆ ಒದ್ದೆಯಾಗಿತ್ತು ಅಂತ ಒಲೆಯ ಸರಳಿಗೆ ಹಾಕಿದ್ದೇನೆ, ಅಲ್ಲೇ ಇದೆ, ಎರಡೂ ಇವೆ, ಹಸಿರು — ಹಸಿರು — ಆಲೂಗಡ್ಡೆ ಕೈಯಿಂದ ಜಾರಿತು, ಬಾಗಿಲ ಮೂಲೆಯ ತಂತಿ, ಬೂದು ಎಳೆ, ಅದನ್ನೇ ಕಚ್ಚುತ್ತಿದ್ದ ಅವಳ ಬಾಯಿ