ಒಂದು ಲಕ್ಷದ ಒಂದು

ಆರು ಕುರ್ಚಿ, ಬಹುಮಾನ ಕೊಡಲು ಅತಿಥಿಗಳು ನಾಲ್ವರೂ ಎದ್ದು ವೇದಿಕೆಯ ಮುಂದಕ್ಕೆ ಹೋಗಿದ್ದಾರೆ, ಈ ತುದಿಯಲ್ಲಿ ನಾನು, ಆ ತುದಿಯಲ್ಲಿ ಈ ಜಿಲ್ಲಾ ಗಣಿತ ಸ್ಪರ್ಧೆ ನಡೆಸುವ ಗಂಗಾಧರಸ್ವಾಮಿ ಸರ್, ನಡುವೆ ನಾಲ್ಕು ಖಾಲಿ — ಒಂದು, ನಾಲ್ಕು ಸೊನ್ನೆ, ಒಂದು — ನನ್ನದೇ ಪ್ರಶ್ನೆ ಅಲ್ಲವೇ, ಹದಿನೇಳನೆಯದು, 1,00,001 ಅವಿಭಾಜ್ಯವೇ, ಅವಿಭಾಜ್ಯ ಎಂದು ಕೀ ಉತ್ತರ ಬರೆದವಳೂ ನಾನೇ, ಸುಧಾಮಣಿ, ಗುಂಡ್ಲುಪೇಟೆಯಲ್ಲಿ ಹದಿನಾರು ವರ್ಷದಿಂದ ಗಣಿತ ಹೇಳಿಕೊಡುವವಳು, ಬೆಸ ಸಂಖ್ಯೆ, ಎರಡರಲ್ಲಿ ಹೋಗದು, ಅಂಕಿಗಳ ಮೊತ್ತ ಎರಡು, ಮೂರರಲ್ಲೂ ಹೋಗದು, ಕೊನೆಗೆ ಐದಿಲ್ಲ, ಏಳರಲ್ಲಿ ಭಾಗಿಸಿದರೆ ಆರು ಉಳಿಯುತ್ತದೆ — ಅಲ್ಲಿಗೇ ಬಿಟ್ಟಿದ್ದೆ, 101 ಅವಿಭಾಜ್ಯ, ಇದೂ ಅದರ ಅಕ್ಕನಂತೆ ಕಂಡಿತ್ತು — ಹನ್ನೊಂದು? ಬೆಸ ಸ್ಥಾನದ ಅಂಕಿ ಕೂಡಿದರೆ ಒಂದು, ಸಮ ಸ್ಥಾನದ್ದು ಕೂಡಿದರೂ ಒಂದು, ಕಳೆದರೆ ಸೊನ್ನೆ, ಹೋಗುತ್ತದೆ, ಅಯ್ಯೋ, ಹನ್ನೊಂದರಲ್ಲಿ ಹೋಗುತ್ತದೆ, ಎಂಟನೇ ಕ್ಲಾಸಿನವರಿಗೆ ನಾನೇ ಕಲಿಸುವ ಲೆಕ್ಕ, ಪುಟ್ಟಿ ಹೇಳಿದ್ದಳು, ನಮ್ಮ ಕಾಡಂಚಿನ ಮದ್ದೂರಿನ ಫಾರೆಸ್ಟ್ ವಾಚರ್ ಚಿಕ್ಕಬೀರಯ್ಯನ ಮಗಳು, ಅಂಕಪಟ್ಟಿ ಅಂಟಿಸಿದ ದಿನವೇ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, ಮಿಸ್, ಅದು ಹನ್ನೊಂದ್ರಲ್ಲಿ ಓಯ್ತದ ಅಂತ ಬರ್ದಿವ್ನಿ, ತಪ್ಪು ಆಕ್ಬುಟ್ಟಿದ್ದೀರಿ, ನಾನು ತಲೆಯೆತ್ತದೆ, ಕೀ ನೋಡು ಹೋಗು ಎಂದಿದ್ದೆ, ಹೋದಳು, ಮತ್ತೆ ಬರಲಿಲ್ಲ.

ಸಾಗರ್‌ಗೆ ನಲವತ್ತೇಳು, ಪುಟ್ಟಿಗೆ ನಲವತ್ತಾರು, ಮೈಸೂರಿನ ಗಣಿತ ಶಿಬಿರಕ್ಕೆ ಜಿಲ್ಲೆಯಿಂದ ಒಂದೇ ಸೀಟು, ಹದಿನೇಳನೆಯದಕ್ಕೆ ಅವಿಭಾಜ್ಯ ಎಂದು ಬರೆದು ಅವನು ಗೆದ್ದದ್ದು ಆ ಒಂದು ಅಂಕ, ತಿದ್ದಿದರೆ ಮೇಲಿನದು ಕೆಳಗೆ, ಕೆಳಗಿನದು ಮೇಲೆ — ಸಾಗರ್ ಎಂದು ಮೈಕು ಕೂಗುತ್ತಿದೆ, ಹುಡುಗ ಇಸ್ತ್ರಿ ಹಾಕಿದ ಅಂಗಿಯಲ್ಲಿ ಮೆಟ್ಟಿಲು ಹತ್ತುತ್ತಿದ್ದಾನೆ, ಅವನ ತಾಯಿ ಮೊಬೈಲು ಎತ್ತಿ ಹಿಡಿದಿದ್ದಾರೆ, ಸುಮ್ಮನಿದ್ದರೆ ಯಾರಿಗೆ ಗೊತ್ತಾಗುತ್ತದೆ, ಪುಟ್ಟಿಗೆ ಗೊತ್ತು, ನನಗೆ ಗೊತ್ತು, ಎದ್ದುಬಿಟ್ಟಿದ್ದೇನೆ, ಸರ್ ಬಳಿ ಬಗ್ಗಿ ಹೇಳಿದೆ, ಅವರು ತುಟಿಯಲ್ಲೇ, ಈಗ್ಯಾಕಮ್ಮ, ಎಲ್ಲ ಪ್ರಿಂಟಾಗ್ಬುಟ್ಟದ, ಸುಮ್ನೆ ಕೂತ್ಕಳಿ, ಕೂರಲಿಲ್ಲ, ಮೈಕು ನನ್ನ ಕೈಯಲ್ಲಿ, ಹದಿನೇಳನೆಯದರ ಕೀ ಉತ್ತರ ತಪ್ಪು, ಹನ್ನೊಂದರಲ್ಲಿ ಹೋಗುತ್ತದೆ, ತಪ್ಪು ನನ್ನದು, ಮೊದಲನೆಯವಳು ಪುಟ್ಟಿ, ಹಾಗೆಂದದ್ದು ನನ್ನ ದನಿಯೇ, ಚಾಮರಾಜನಗರದ ಇಡೀ ಸಭಾಂಗಣ ನನ್ನತ್ತ ತಿರುಗಿದೆ, ಸಾಗರ್ ಒಂದು ಕಾಲು ಮೇಲಿಟ್ಟು ನಿಂತವನು ಅತ್ತಿತ್ತ ನೋಡಿದ, ಬೆರಳು ಮಡಿಚಿ ಲೆಕ್ಕ ಹಾಕಿದ, ಹೌದು ಮಿಸ್, ಓಯ್ತದ, ಎಂದು ಮೆಲ್ಲಗೆ ಇಳಿದು ದಾರಿ ಬಿಟ್ಟ, ಅವನ ತಾಯಿ ಮೊಬೈಲನ್ನು ಮಡಿಲಿಗೆ ಇಳಿಸಿದರು, ಅವರತ್ತ ನೋಡಲಾರೆ, ಸರ್ ಪಟ್ಟಿಯಲ್ಲಿ ಹೆಸರು ಹೊಡೆದು ಬರೆಯುತ್ತಿದ್ದಾರೆ, ಕೊನೆಯ ಸಾಲಿನಿಂದ ಪುಟ್ಟಿ ಬರುತ್ತಿದ್ದಾಳೆ, ನಗುತ್ತಿಲ್ಲ, ಭಾಗಲಬ್ಧ ಎಷ್ಟು ಸುಧಾಮಣಿ, ಹನ್ನೊಂದೊಂಬತ್ತಲಿ ತೊಂಬತ್ತೊಂಬತ್ತು, ಆಮೇಲೆ, ಆಮೇಲೆ ತಲೆ ಓಡುತ್ತಿಲ್ಲ, ಅತಿಥಿ ಚಾಚಿದ ಪ್ರಮಾಣಪತ್ರವನ್ನು ದಾಟಿ ಅವಳು ನೇರ ನನ್ನ ಮುಂದೆ, ಎಡಗೈ ಬಿಚ್ಚಿದಳು, ಅಂಗೈಯಲ್ಲಿ ನೀಲಿ ಪೆನ್ನು, ಬೆವರಿಗೆ ಅಂಚು ಕದಡಿ, 9091, ಎಷ್ಟು ದಿನದಿಂದ ಬರೆದುಕೊಳ್ಳುತ್ತಿದ್ದಾಳೋ, ನನಗೆ ತೋರಿಸಲೆಂದು, ಆ ಅಂಗೈ, 9091, ಆ ಅಂಗೈ —